ಹವಾಲ್ದಾರರ ಕೈ

ಹೋದ ತಿಂಗಳು ದೆಹಲಿಯ ಆರ್.ಕೆ.ಪುರಂನಲ್ಲಿ ನಮ್ಮ ಕಡೆಯವರೆಲ್ಲ ಸೇರಿ ಹವಾಲ್ದಾರರಿಗೊಂದು ಶ್ರದ್ಧಾಂಜಲಿ ಸಭೆ ಇಟ್ಟುಕೊಂಡಿದ್ದರು. ಕೊನೆಯಲ್ಲಿ ಅವರ ಜೊತೆ ಕೆಲಸ ಮಾಡಿದವನು ಎಂದು ನನ್ನನ್ನೂ ಎರಡು ಮಾತಿಗೆ ಎಬ್ಬಿಸಿದರು. ಅಂಥ ಮೆಕ್ಯಾನಿಕ್ಕನ್ನು ನಾನು ಕಂಡಿಲ್ಲ, ಅವರದು ಚಿನ್ನದಂಥ ಕೈ ಎಂದು ಹೇಳಿ ಕೂತುಬಿಟ್ಟೆ. ಜನ ತಲೆದೂಗಿದರು. ಆಮೇಲೆ ಹೊರಗೆ ಕಾಫಿ ಕುಡಿಯುವಾಗ ಕನ್ನಡ ಸಂಘದ ಪತ್ರಿಕೆ ನೋಡಿಕೊಳ್ಳುವವರು ಬಂದು, "ಚೆನ್ನಾಗಿತ್ತು, ಅದನ್ನೇ ಸ್ವಲ್ಪ ಉದ್ದ ಮಾಡಿ ಬರ್ಕೊಡಿ" ಎಂದರು. ಉದ್ದ ಮಾಡಲು ಕೂತೆ. ಚಿನ್ನದಂಥ ಕೈ ಎಂದವನು ಮುಂದಿನ ಸಾಲು ಬರೆಯಬೇಕಾದರೆ, ಆ ಕೈ ಕೆಲಸ ನಿಲ್ಲಿಸಿದ್ದು ಹೇಗೆ ಎಂದು ಹೇಳಲೇಬೇಕು. ಅದು ನಿಂತದ್ದು ನನ್ನಿಂದ.

ಅವರು ಕೊಡಗಿನವರು. ಸೈನ್ಯದಲ್ಲಿ ಇಪ್ಪತ್ತನಾಲ್ಕು ವರ್ಷ ವಾಹನ ರಿಪೇರಿ ಮಾಡಿ, ಹವಾಲ್ದಾರರಾಗಿ ನಿವೃತ್ತರಾದವರು. ಹೆಂಡತಿ ತೀರಿಕೊಂಡ ಮೇಲೆ ಆರ್.ಕೆ.ಪುರಂನ ಕ್ವಾರ್ಟರ್ಸಿನಲ್ಲಿ ಮಗಳ ಜೊತೆ ಇದ್ದರು. ಮಗಳಿಗೆ ಕೇಂದ್ರ ಸರ್ಕಾರದ ನೌಕರಿ. ಎಲ್ಲರಿಗೂ ಅವರು ಹವಾಲ್ದಾರ್ ಸಾಬ್, ನನಗೆ ಹವಾಲ್ದಾರ್ರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಈ ಬರಹದಲ್ಲಿ ಒಂದು ಹೆಸರು ಇರಬೇಕಾದರೆ ಅದು ಬರೆದವನದು. ಅದನ್ನು ಪತ್ರಿಕೆಯವರು ಹೇಗೂ ಹಾಕುತ್ತಾರೆ.

ಗುರುಗ್ರಾಮದಲ್ಲಿ ನನ್ನದು ಸಣ್ಣ ಎಂಜಿನ್ನುಗಳ ವರ್ಕ್‌ಶಾಪು. ಜನರೇಟರು, ನೀರೆತ್ತುವ ಪಂಪು, ಹುಲ್ಲು ಕತ್ತರಿಸುವ ಮೆಷಿನ್ನು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ತಿಪಟೂರಿನ ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿದವನು, ಲಾರಿ ಜೊತೆ ದೆಹಲಿಗೆ ಬಂದು ಇಲ್ಲೇ ನಿಂತೆ. ಅವರು ಎದುರಿನ ಇಪ್ಪತ್ತೆರಡು ಮಹಡಿ ಕಟ್ಟಡದಲ್ಲಿ ಸೆಕ್ಯೂರಿಟಿ ಸೂಪರ್‌ವೈಸರ್ ಆಗಿದ್ದರು. ಒಂದು ಬೆಳಿಗ್ಗೆ ಒಂದು ಜನರೇಟರು ಏನು ಮಾಡಿದರೂ ಏಳುತ್ತಿರಲಿಲ್ಲ. ನಾನು ಅದರ ವಂಶವನ್ನೆಲ್ಲ ಕನ್ನಡದಲ್ಲಿ ಬೈಯುತ್ತಿದ್ದೆ. ಬಾಗಿಲಲ್ಲಿ ಯೂನಿಫಾರ್ಮಿನ ಉದ್ದನೆಯ ಆಳು ನಿಂತಿತ್ತು.

"ಬೈದ್ರೆ ಸ್ಟಾರ್ಟ್ ಆಗಲ್ಲ ಮಾರಾಯ. ಅದಕ್ಕೆ ಕನ್ನಡ ಬರಲ್ಲ."

"ನಿಮಗೆ ಬರುತ್ತಲ್ಲ, ನೀವೇ ಮಾತಾಡ್ಸಿ ನೋಡಿ" ಎಂದೆ.

ಅವರು ಒಳಗೆ ಬಂದರು. ವಾಚು ಬಿಚ್ಚಿದರು, ಉಂಗುರ ತೆಗೆದರು, ಎರಡನ್ನೂ ಕರವಸ್ತ್ರದಲ್ಲಿ ಗಂಟು ಹಾಕಿ ಜೇಬಿಗಿಟ್ಟರು. ಆಮೇಲೆ ಎಂಜಿನ್ನನ್ನು ಮುಟ್ಟದೆ ಎರಡು ನಿಮಿಷ ಸುಮ್ಮನೆ ನಿಂತರು. ಟ್ಯಾಂಕಿನ ಮುಚ್ಚಳವನ್ನು ಅರ್ಧ ಸುತ್ತು ಸಡಿಲಿಸಿ, "ಈಗ ಎಳೀರಿ" ಎಂದರು. ಒಂದೇ ಎಳೆತಕ್ಕೆ ಎದ್ದಿತು. ಮುಚ್ಚಳದ ಗಾಳಿಕಂಡಿ ಕಟ್ಟಿಕೊಂಡು ಪೆಟ್ರೋಲು ಇಳಿಯುತ್ತಿರಲಿಲ್ಲ, ಅಷ್ಟೆ. ನನಗೆ ಖುಷಿಯಾಯಿತು ಎಂದು ಹೇಳಿದರೆ ಸುಳ್ಳು. ನನ್ನ ಅಂಗಡಿಯಲ್ಲಿ, ನನ್ನ ಕಣ್ಣೆದುರಿಗೆ, ಸೆಕ್ಯೂರಿಟಿಯವನೊಬ್ಬ. ಆದರೂ ತಿಂಗಳೊಳಗೆ ನಾನೇ ಹೋಗಿ, "ಅಲ್ಲಿ ಗೇಟ್ ಕಾಯೋದು ಬಿಟ್ಟು ಇಲ್ಲಿಗೆ ಬನ್ನಿ" ಎಂದು ಕರೆದೆ. ಬಂದರು. ಮೊದಲ ದಿನದಿಂದ ನನ್ನನ್ನು ಉಸ್ತಾದ್ ಎಂದು ಕರೆದರು. ವಯಸ್ಸಿನಲ್ಲಿ ನನಗಿಂತ ಹದಿನೈದು ವರ್ಷ ದೊಡ್ಡವರು, ಕೆಲಸದಲ್ಲಿ ಅದಕ್ಕಿಂತ ದೊಡ್ಡವರು. "ಯಾಕೆ ಹಾಗಂತೀರಿ" ಎಂದು ಒಮ್ಮೆ ಕೇಳಿದ್ದಕ್ಕೆ, "ವರ್ಕ್‌ಶಾಪ್ ಯಾರದೋ ಅವರು ಉಸ್ತಾದ್. ನಮ್ಮಲ್ಲಿ ಹಾಗೇ" ಎಂದರು. ನನಗೆ ಆ ಕರೆ ಬಹಳ ಹಿಡಿಸಿತ್ತು. ಅದನ್ನೂ ಹೇಳಿಬಿಡಬೇಕು.

ಬೆಳಿಗ್ಗೆ ಎಂಟೂಮುಕ್ಕಾಲಿಗೆ, ಹೌಜ್ ಖಾಸಿನಲ್ಲಿ ಮೆಟ್ರೋ ಬದಲಾಯಿಸಿ ಬಂದು ಇಳಿಯುತ್ತಿದ್ದರು. ಹನ್ನೆರಡೂವರೆಗೆ ಊಟ, ಡಬ್ಬಿಯಲ್ಲಿ ಅಕ್ಕಿರೊಟ್ಟಿ. ಎದುರಿಗೆ ಗಿರಾಕಿ ಪ್ರಧಾನಮಂತ್ರಿಯೇ ಇದ್ದರೂ ಹನ್ನೆರಡೂವರೆ ಎಂದರೆ ಹನ್ನೆರಡೂವರೆ. ಬಿಚ್ಚಿದ ನಟ್ಟುಬೋಲ್ಟುಗಳನ್ನು ಬಿಳಿ ಬಟ್ಟೆಯ ಮೇಲೆ ಬಿಚ್ಚಿದ ಸಾಲಿನಲ್ಲೇ ಜೋಡಿಸುತ್ತಿದ್ದರು. ನಾನಾದರೆ ಎಲ್ಲವನ್ನೂ ಒಂದು ಡಬ್ಬಕ್ಕೆ ಸುರಿಯುವವನು. "ಇದು ಅಂಗಡಿಯೋ ಮದುವೆಮನೆ ತಾಂಬೂಲವೋ" ಎಂದು ರೇಗಿಸಿದರೆ, "ತಾಂಬೂಲ ಹೆಚ್ಚುಕಮ್ಮಿ ಆದ್ರೆ ಬೀಗರು ಮಾತ್ರ ಬೈತಾರೆ" ಎನ್ನುವರು.

ಒಂದು ಸಲ ವಸಂತ್ ಕುಂಜ್‌ನ ಪ್ರೊಫೆಸರೊಬ್ಬರ ಮನೆಯ ಜನರೇಟರು ರಿಪೇರಿಯಾಗಿ ಹೋಗಿತ್ತು. ಮರುದಿನ ಹವಾಲ್ದಾರ್ರು ಬೆಂಚಿನ ಮೇಲೆ ಒಂದು ವಾಷರು ಉಳಿದದ್ದು ಕಂಡರು. ನನಗೆ ಹೇಳದೆ ಆಟೋ ಹಿಡಿದು ಹೋಗಿ, ಪ್ರೊಫೆಸರನ್ನು ನಿದ್ದೆಯಿಂದ ಎಬ್ಬಿಸಿ, "ನಿನ್ನೆ ನಾನೊಂದು ತಪ್ಪು ಮಾಡಿದೀನಿ" ಎಂದು ಹೇಳಿ ವಾಷರು ಹಾಕಿ ಬಂದರು. ನನಗೆ ಸಿಟ್ಟು ಬಂತು.

"ಅವರಿಗೆ ಗೊತ್ತೇ ಆಗ್ತಿರಲಿಲ್ಲ. ಅಂಗಡಿ ಮರ್ಯಾದೆ ಕಳೆದ್ರಿ."

"ಅಂಗಡೀದಲ್ಲ ಉಸ್ತಾದ್. ತಪ್ಪು ನನ್ನದು, ಅಂಗಡೀದಲ್ಲ ಅಂತ ಹೇಳಿಯೇ ಬಂದಿದೀನಿ."

"ಹೇಳದೇ ಇದ್ರೆ ಏನಾಗ್ತಿತ್ತು?"

ಅವರು ಯೋಚಿಸಿದರು. ನಿಜವಾಗಿಯೂ ಯೋಚಿಸಿದರು, ಮುಖ ನೋಡಿದರೆ ಗೊತ್ತಾಗುತ್ತಿತ್ತು. "ಗೊತ್ತಿಲ್ಲ. ಹೇಳದೇ ಇದ್ದು ನೋಡಿಲ್ಲ" ಎಂದರು.

ಸ್ನೋ ಸ್ಕೂಟರಿನ ಕೆಲಸ ಬಂದದ್ದು ಅವರಿಂದಲೇ. ಗುರುಗ್ರಾಮದ ಒಬ್ಬ ಟೂರ್ ಮಾಲೀಕ ಕಚೇರಿಗಳ ಹುಡುಗ ಹುಡುಗಿಯರನ್ನು ಚಳಿಗಾಲದಲ್ಲಿ ಹಿಮದ ಬೆಟ್ಟಕ್ಕೆ ಕರೆದುಕೊಂಡು ಹೋಗುತ್ತಿದ್ದ. ಅವನ ಬಳಿ ಆರು ಸ್ನೋ ಸ್ಕೂಟರ್ ಇದ್ದವು. ಮುಂದೆ ಎರಡು ಹಲಗೆ, ಹಿಂದೆ ಯುದ್ಧದ ಟ್ಯಾಂಕಿಗಿರುವ ಹಾಗೆ ಅಗಲ ರಬ್ಬರ್ ಪಟ್ಟಿ, ನಡುವೆ ಎಂಜಿನ್ನು. ಬೇಸಿಗೆಯಲ್ಲಿ ಅವು ಲಾರಿಯಲ್ಲಿ ಇಳಿದು ಬಂದು ಇಲ್ಲಿನ ಗೋದಾಮಿನಲ್ಲಿ ಧೂಳು ತಿನ್ನುತ್ತಿದ್ದವು. ಹವಾಲ್ದಾರ್ರು ಸೈನ್ಯದ ಕೊನೆಯ ಆರು ವರ್ಷ ಹಿಮದ ಪೋಸ್ಟುಗಳಲ್ಲಿ ಇದೇ ಗಾಡಿ ರಿಪೇರಿ ಮಾಡಿದವರು ಎಂದು ತಿಳಿದು ಆತ ನಮಗೆ ಕೆಲಸ ಕೊಟ್ಟ. ಮಳೆಗಾಲ ಮುಗಿದ ಮೇಲೆ ಇಲ್ಲಿ ಬಿಚ್ಚಿ ಸರಿ ಮಾಡುವುದು, ಡಿಸೆಂಬರಿನಲ್ಲಿ ಗಾಡಿಗಳ ಜೊತೆ ಬೆಟ್ಟ ಹತ್ತಿ ಹದಿನೈದು ದಿನ ಅಲ್ಲೇ ಇರುವುದು.

ಮೊದಲ ವರ್ಷ ನಾನು ಹೋದದ್ದು ಉಸ್ತಾದನಾಗಿ. ಗುರುಗ್ರಾಮದಲ್ಲಿ ಗಡಿಯಾರದ ಹಾಗೆ ಓಡಿದ ಎಂಜಿನ್ನು ಅಲ್ಲಿ ಮುದುಕರ ಹಾಗೆ ಕೆಮ್ಮಿತು. ಊರಿಂದ ಎರಡು ಕಿಲೋಮೀಟರು ದಾಟಿ, ದೇವದಾರು ಮರಗಳ ನಡುವೆ ನಿಂತೇಬಿಟ್ಟಿತು. ನಾನು ಹಗ್ಗ ಎಳೆದೆ, ಎಳೆದೆ, ಮೂವತ್ತು ಸಲ ಎಳೆದೆ.

"ಸಾಕು ಉಸ್ತಾದ್. ಅದಕ್ಕೂ ಸುಸ್ತು, ನಿಮಗೂ ಸುಸ್ತು."

ಮೇಲೆ ಗಾಳಿ ತೆಳು, ಅದಕ್ಕೆ ಪೆಟ್ರೋಲು ಹೆಚ್ಚಾಗಿ ಪ್ಲಗ್ಗು ಒದ್ದೆಯಾಗುತ್ತದೆ ಎಂದು ಹೇಳಿಕೊಟ್ಟರು. ಬೇರೆ ಪ್ಲಗ್ಗುಗಳನ್ನು ಅವರು ಟೂಲ್ ಬಾಕ್ಸಿನಲ್ಲಿ ಇಡುತ್ತಿರಲಿಲ್ಲ, ಬನಿಯನ್ನಿಗೆ ಹೊಲಿಸಿದ ಜೇಬಿನಲ್ಲಿ ಮೈಗೆ ಒತ್ತಿ ಇಡುತ್ತಿದ್ದರು. ಬೆಚ್ಚಗಿನ ಪ್ಲಗ್ಗು ಹಾಕಿ, ಹಳೆಯದನ್ನು ಮತ್ತೆ ಎದೆಗಿಟ್ಟುಕೊಂಡು, ಒಂದೇ ಸಲ ಹಗ್ಗ ಎಳೆದರು. ಹಿಂದೆ ಕೂತಿದ್ದ ಕಂಪ್ಯೂಟರ್ ಕಂಪನಿಯ ಹುಡುಗ, ನಮ್ಮ ಮಂಡ್ಯದವನೇ, "ಅಂಕಲ್, ಇಷ್ಟೇನಾ?" ಎಂದ.

"ನಿಮ್ಮ ಕಂಪ್ಯೂಟರ್ ನಿಂತ್ರೆ ಏನ್ ಮಾಡ್ತೀರಪ್ಪ?"

"ರೀಸ್ಟಾರ್ಟ್."

"ಉಸ್ತಾದ್ರೂ ಅದನ್ನೇ ಮಾಡ್ತಿದ್ರು" ಎಂದರು. ಹುಡುಗ ನಕ್ಕ. ನಾನೂ ನಕ್ಕೆ, ಆದರೆ ಆ ಮಾತನ್ನು ಮರೆಯಲಿಲ್ಲ.

ಮೊದಲ ಎರಡು ಚಳಿಗಾಲದಲ್ಲಿ ದಾರಿಬದಿಯಲ್ಲಿ ಅವರು ಮಾಡಿದ ರಿಪೇರಿಗಳನ್ನು ಬರೆದರೆ ಪತ್ರಿಕೆ ಸಾಲದು. ಬೆಲ್ಟು ಹರಿದಾಗ ಕೈಗವಸು ಕಳಚಿ ಬರಿಗೈಯಲ್ಲಿ ಹೊಸದು ಏರಿಸುವರು. ಲೋಹಕ್ಕೆ ಬೆರಳು ಅಂಟದ ಹಾಗೆ ನಡುನಡುವೆ ಕೈಯನ್ನು ಬಾಯಿಯ ಉಸಿರಿಗೆ ಹಿಡಿಯುವರು. ಪೆಟ್ರೋಲು ನಳಿಗೆಯಲ್ಲಿ ಐಸು ಕಟ್ಟಿದರೆ, ಪ್ರವಾಸಿಗಳ ಫ್ಲಾಸ್ಕಿನ ಚಹಾ ಕೇಳಿ ಬಟ್ಟೆ ನೆನೆಸಿ ಸುತ್ತುವರು. "ಚಹಾ ಕುಡಿದ ಗಾಡಿ ಜೋರು ಓಡುತ್ತೆ" ಎಂದು ಆ ಹುಡುಗಿಯರಿಗೆ ಹಿಂದಿಯಲ್ಲಿ ಹೇಳಿ ನಗಿಸುವರು. ಒಂದು ಕಟ್ಟಳೆ ಇತ್ತು: ಯಾವ ಗಾಡಿಯನ್ನು ತಾವು ಬಿಚ್ಚಿದರೋ ಅದನ್ನು ತಾವೇ ಮೊದಲು ಓಡಿಸಬೇಕು. ಆಮೇಲೆ ಇಳಿದು, ಸೀಟಿನ ಮೇಲೆ ಅಂಗೈ ಎರಡು ಸಲ ತಟ್ಟುವರು. ಇನ್ನು ಯಾರು ಬೇಕಾದರೂ ಕೂರಬಹುದು ಎಂದು ಅರ್ಥ. ಅಲ್ಲಿ ಪ್ರವಾಸಿಗಳಿಗೆ ಕುದುರೆ ಸವಾರಿ ಮಾಡಿಸುವವರೂ ಅದನ್ನು ನೋಡಿ ಗೊತ್ತುಮಾಡಿಕೊಂಡಿದ್ದರು. ಹವಾಲ್ದಾರ್ ಸಾಬ್ ತಟ್ಟಿದ ಗಾಡಿ ಎಂದರೆ ಅದಕ್ಕೆ ಬೇರೆ ಮಾತಿಲ್ಲ.

ಮೂರನೆಯ ಚಳಿಗಾಲಕ್ಕೆ ಬರುತ್ತೇನೆ.

ಆ ಸಲ ಅವರು ಆರೂ ಗಾಡಿಗಳಿಗೆ ಹೊಸ ಆಕ್ಸಿಲರೇಟರ್ ಕೇಬಲ್ ಹಾಕಿದ್ದರು. ಹ್ಯಾಂಡಲಿನಲ್ಲಿ ಹೆಬ್ಬೆರಳಿನಿಂದ ಒತ್ತುವ ಸಣ್ಣ ಲಿವರಿದೆ. ಅಲ್ಲಿಂದ ಎಂಜಿನ್ನಿನವರೆಗೆ ಒಂದು ಕೊಳವೆಯೊಳಗೆ ತಂತಿ ಹೋಗುತ್ತದೆ. ಬೆರಳು ಬಿಟ್ಟರೆ ತಂತಿ ಹಿಂದಕ್ಕೆ ಸರಿದು ಗಾಡಿ ನಿಧಾನವಾಗಬೇಕು. ಕೆಲಸ ಮುಗಿದ ದಿನ ಅವರು, "ನಾಳೆ ನಾನು ಬರಲ್ಲ ಉಸ್ತಾದ್, ಪೆನ್ಷನ್ ಕಾಗದದ ಕೆಲಸ ಇದೆ. ಲಾರಿಗೆ ಹಾಕೋ ಮುಂಚೆ ಬಟ್ಟೆಯಲ್ಲಿ ಒರೆಸಿ ಸಾಕು. ನೀರು ಮಾತ್ರ ಬಿಡಬೇಡಿ. ಬೆಟ್ಟದ ಮೇಲೆ ನೀರು ಅಂದ್ರೆ ನೀರಲ್ಲ, ಮೊಳೆ" ಎಂದರು.

ನನ್ನ ಅಂಗಡಿಗೂ ಒಂದು ಕಟ್ಟಳೆ ಇದೆ. ಹತ್ತು ವರ್ಷದ ಹಳೇ ಪಂಪಾದರೂ ಸರಿ, ಹೊರಗೆ ಹೋಗುವಾಗ ತೊಳೆದು ಹೊಳೆಸಿಯೇ ಕಳಿಸುವುದು. ಜನ ಎಂಜಿನ್ನಿನ ಒಳಗೆ ನೋಡುವುದಿಲ್ಲ, ಮೈ ನೋಡುತ್ತಾರೆ. ಈ ಊರಿನ ಧೂಳಿನಲ್ಲಿ ನನಗೆ ಹೆಸರು ಬಂದದ್ದೇ ಹಾಗೆ. ಮರುದಿನ ಮಾಲೀಕ ಫೋಟೋ ತೆಗೆಯಲು ಬರುವವನಿದ್ದ. ನಾನು ಬಟ್ಟೆ ತೆಗೆದುಕೊಂಡು ಒರೆಸಲು ಶುರುಮಾಡಿದೆ. ಧೂಳು ಕೆಸರಾಗಿ ಎಳೆಎಳೆಯಾಗಿ ನಿಂತಿತು. ನನ್ನ ಅಂಗಡಿಯಲ್ಲಿ ನೀರು ಬಿಡಬೇಡ ಎಂದು ನನಗೆ ಹೇಳಲು ಇವರು ಯಾರು ಅನ್ನಿಸಿತು. ಪ್ರೆಷರ್ ಪಂಪು ಎಳೆದುಕೊಂಡು ಬಂದು, ನೀಲಿ ಶಾಂಪೂ ಕಲಸಿ, ಆರನ್ನೂ ನಾನೇ ತೊಳೆದೆ. ಹ್ಯಾಂಡಲಿನ ಸಂದುಗೊಂದುಗಳಿಗೆಲ್ಲ ಹತ್ತಿರದಿಂದ ಹಿಡಿದು ಹೊಡೆದೆ. ಒಣಗಿಸಿ ಪಾಲಿಶ್ ಹಾಕಿದೆ. ಮೂರನೆಯ ದಿನ ಲಾರಿಗೆ ಏರಿಸುವಾಗ ಹವಾಲ್ದಾರ್ರು ಬಂದು ನೋಡಿದರು.

"ಒರೆಸಿದ್ದಾ?"

"ಹೂಂ."

"ತುಂಬ ಚೆನ್ನಾಗಿ ಒರೆಸಿದೀರಿ ಉಸ್ತಾದ್. ಕೈ ನೋಯ್ತಿರಬೇಕು" ಎಂದರು. ವ್ಯಂಗ್ಯವಲ್ಲ. ಅವರು ನಂಬಿದ್ದರು.

ಮೇಲೆ ಮುಟ್ಟಿದ ಮರುದಿನ ಬಿಸಿಲು ಚೆನ್ನಾಗಿತ್ತು. ಬೆಳಿಗ್ಗೆ ಬಯಲಿನಲ್ಲಿ ಆರೂ ಗಾಡಿಗಳನ್ನು ಅವರು ಒಂದೊಂದಾಗಿ ಓಡಿಸಿ, ಇಳಿದು, ಸೀಟು ತಟ್ಟಿದರು. ಪ್ರವಾಸಿಗಳು ಬರುವುದು ಇನ್ನೂ ಎರಡು ದಿನವಿತ್ತು. ಮಧ್ಯಾಹ್ನ ಮಾಲೀಕ ದಾರಿ ನೋಡಿಕೊಂಡು ಬರುವುದಕ್ಕೆ ಮೊದಲ ಗಾಡಿಯಲ್ಲಿ ತಾನೇ ಹೊರಟ. ನಾವಿಬ್ಬರೂ ಇನ್ನೊಂದರಲ್ಲಿ ಹಿಂದೆ. ಬಯಲು ಮುಗಿದು ದೇವದಾರುಗಳ ನೆರಳಿಗೆ ಹೊಕ್ಕೆವು. ಅಲ್ಲಿ ಬಿಸಿಲೇ ಇಲ್ಲ, ಚಳಿ ಹಲ್ಲಿಗೆ ಹೊಡೆಯುತ್ತದೆ. ಸ್ವಲ್ಪ ದೂರ ಹೋದ ಮೇಲೆ ತಿರುವೊಂದರಲ್ಲಿ ಮುಂದಿನ ಗಾಡಿ ನಿಧಾನವಾಗಲಿಲ್ಲ. ಎಂಜಿನ್ನು ಕಿರುಚುತ್ತಲೇ ಇತ್ತು. ಹವಾಲ್ದಾರ್ರು ಹಿಂದಿನಿಂದ, "ಲಾಲ್ ಬಟನ್, ಲಾಲ್ ಬಟನ್" ಎಂದು ಎಂಜಿನ್ನು ಆರಿಸುವ ಕೆಂಪು ಗುಂಡಿ ಒತ್ತಲು ಕೂಗಿದರು. ಅವನಿಗೆ ಕೇಳಿಸಲಿಲ್ಲವೋ, ಕೈ ಓಡಲಿಲ್ಲವೋ. ಗಾಡಿ ದಾರಿ ಬಿಟ್ಟು ಹಿಮದ ದಿಬ್ಬಕ್ಕೆ ನುಗ್ಗಿತು. ಅವನು ಹಾರಿ ಬಿದ್ದ. ಹಿಮ ಮೆತ್ತಗಿತ್ತು, ತುಟಿ ಸೀಳಿತು, ಮುಂದಿನ ಎರಡು ಹಲ್ಲು ಅಲ್ಲಾಡಿದವು. ಆ ದಿಬ್ಬದ ಆಚೆಗೆ ಇಳಿಜಾರು. ನಾವು ಮೂವರೂ ಅದನ್ನು ನೋಡಿದೆವು.

ಹವಾಲ್ದಾರ್ರು ಅವನನ್ನು ಎತ್ತಿ ಕೂರಿಸಿ, ಬಾಯಿಗೆ ಕರವಸ್ತ್ರ ಒತ್ತಿ, ಆಮೇಲೆ ಗಾಡಿಯ ಬಾನೆಟ್ ತೆಗೆದು ಮಂಡಿಯೂರಿದರು. ನಾನು ಹ್ಯಾಂಡಲಿನ ಕಡೆ ಹೋದೆ. ಗುದ್ದಿದ ರಭಸಕ್ಕೆ ಏನೋ ಸಡಿಲಾಗಿತ್ತು. ಲಿವರು ಈಗ ಸಲೀಸಾಗಿ ಆಡುತ್ತಿತ್ತು. ಕೆಳಗೆ ಅವರು ತಂತಿಯನ್ನು ಎಳೆದು ಬಿಟ್ಟು ನೋಡುತ್ತಿದ್ದರು, ಏನೂ ತೊಂದರೆ ಕಾಣುತ್ತಿರಲಿಲ್ಲ. ನಾನು ಲಿವರಿನ ಬುಡದಲ್ಲಿ ಕೊಳವೆಯ ಬಾಯಿ ಕಳಚಿದೆ. ತಂತಿಯನ್ನು ಕಚ್ಚಿ ಹಿಡಿದಿದ್ದ, ಮುರಿದ ಅಕ್ಕಿಕಾಳಿನಂಥ ಐಸಿನ ಎರಡು ಚೂರು ನನ್ನ ಕೈಗವಸಿನ ಮೇಲೆ ಬಿದ್ದವು.

ನೀಲಿ ಬಣ್ಣದವು.

ಸುತ್ತ ಎಲ್ಲಿ ನೋಡಿದರೂ ಹಿಮ, ಎಲ್ಲವೂ ಬೆಳ್ಳಗೆ. ನನ್ನ ಅಂಗೈಯಲ್ಲಿ ನನ್ನ ಅಂಗಡಿಯ ಶಾಂಪೂ. ಅದನ್ನು ಪ್ಯಾಂಟಿಗೆ ಒರೆಸಿಕೊಂಡೆ.

ಮಾಲೀಕ ರಕ್ತ ಉಗುಳಿ, "ಯೇ ಕೇಬಲ್ ಕಿಸ್ನೇ ಡಾಲಾ?" ಎಂದ, ಕೇಬಲ್ ಹಾಕಿದ್ದು ಯಾರು ಎಂದು.

"ಮೈನೇ", ನಾನೇ, ಎಂದರು ಹವಾಲ್ದಾರ್ರು, ಎದ್ದು ನಿಂತು.

ಅವನು ಅವರನ್ನು ಬೈದ. ಮುದುಕ, ಕಣ್ಣು ಕಾಣುವುದಿಲ್ಲ, ಕೈ ನಿಲ್ಲುವುದಿಲ್ಲ, ಒಂದು ಹುಡುಗಿ ಕೂತಿದ್ದಿದ್ದರೆ ಈಗ ಹೆಣ ಹೊರಬೇಕಿತ್ತು ಎಂದ. ಅವರು ಕಿವಿಗೊಟ್ಟು ಕೇಳಿದರು. ನಡುವೆ ಒಮ್ಮೆ ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಮೇಲ್ಗಡೆ ಏನಾದ್ರೂ ಸಿಕ್ತಾ ಉಸ್ತಾದ್?" ಎಂದು ಕೇಳಿದರು.

"ಇಲ್ಲ" ಎಂದೆ.

"ಹಂಗಾದ್ರೆ ಕೇಬಲ್ ಬಾಗೋ ಕಡೆ ನಾನೇ ಬಿಗಿ ಮಾಡಿ ಕೂರಿಸಿರಬೇಕು" ಎಂದರು.

ಇಲ್ಲಿಗೇ ನಿಂತಿದ್ದರೂ ಸಾಕಿತ್ತು. ಉಳಿದ ಐದು ಗಾಡಿಗಳಲ್ಲೂ ಅದೇ ನೀರು ಇದೆ ಎಂದು ನನಗೆ ಮಾತ್ರ ಗೊತ್ತಿತ್ತು. ಪ್ರವಾಸಿಗಳು ಕೂರುವ ಗಾಡಿಗಳು, ಸುಮ್ಮನಿರುವಂತಿಲ್ಲ. ಮರುದಿನ ಬೆಳಿಗ್ಗೆ ಶೆಡ್ಡಿನಲ್ಲಿ, "ಎಲ್ಲಾ ಕೇಬಲ್ಲೂ ನಾನೊಂದ್ಸಲ ನೋಡ್ತೀನಿ" ಎಂದೆ. ಒಂದೊಂದನ್ನೂ ಬಿಚ್ಚಿ, ಒಲೆಯ ಬಳಿ ಹಿಡಿದು ನೀರು ಇಳಿಸಿ, ಸ್ಪಿರಿಟ್ ಬಿಟ್ಟು ಒಣಗಿಸಿ, ಗ್ರೀಸ್ ತುಂಬಿದೆ. ಅವರು ಸಹಾಯಕ್ಕೆ ಬಂದರು. ಬೇಡ ಎಂದೆ, ನೀಲಿ ಹನಿ ಕಾಣಬಾರದಲ್ಲ. ಅವರು ಬಾಗಿಲ ಬಳಿ ಕೈಗಳನ್ನು ಹಿಂದೆ ಕಟ್ಟಿಕೊಂಡು ನಿಂತರು. ಇಪ್ಪತ್ತನಾಲ್ಕು ವರ್ಷ ಯಾರೂ ಮತ್ತೆ ಬಿಚ್ಚಿ ನೋಡದ ಕೆಲಸವನ್ನು ಏಳನೇ ಕ್ಲಾಸಿನ ಉಸ್ತಾದನೊಬ್ಬ ಸಾಲಾಗಿ ಬಿಚ್ಚಿ ನೋಡುವುದನ್ನು ನೋಡುತ್ತ ನಿಂತರು.

"ಅವೂ ಹಾಗೇ ಇದ್ವಾ?" ಎಂದು ಕೇಳಿದರು.

ಇಲ್ಲ, ಎಲ್ಲ ಸರಿ ಇವೆ ಎನ್ನಬಹುದಿತ್ತು. ಹಾಗೆಂದರೆ, ಮತ್ತೆ ಯಾಕೆ ಇಷ್ಟು ಹೊತ್ತು ಎಂದು ಕೇಳುತ್ತಾರೆ ಅನ್ನಿಸಿತು.

"ಒಂದೆರಡು" ಎಂದೆ.

ಅವರು ತಲೆಯಾಡಿಸಿ ಹೊರಗೆ ಹೋದರು. ಆಮೇಲೆ ಉಳಿದ ದಿನಗಳಲ್ಲಿ ಯಾವ ಗಾಡಿಯ ಸೀಟನ್ನೂ ತಟ್ಟಲಿಲ್ಲ.

ಗುರುಗ್ರಾಮಕ್ಕೆ ಬಂದ ಮೇಲೂ ಎರಡು ತಿಂಗಳು ಕೆಲಸಕ್ಕೆ ಬಂದರು. ಅದೇ ಎಂಟೂಮುಕ್ಕಾಲು, ಅದೇ ಬಿಳಿ ಬಟ್ಟೆ. ಆದರೆ ಒಂದು ನಟ್ಟು ಬಿಗಿ ಮಾಡಿ, ಮತ್ತೆ ಸಡಿಲಿಸಿ, ಮತ್ತೆ ಬಿಗಿ ಮಾಡುವರು. ಮುಗಿದ ಜನರೇಟರನ್ನು ಗಿರಾಕಿಯ ಎದುರಿಗೇ ಮತ್ತೆ ಬಿಚ್ಚುವರು. "ಏನ್ ಹವಾಲ್ದಾರ್ರೇ, ಮದುವೆ ಮುಗಿದ ಮೇಲೆ ಜಾತಕ ನೋಡ್ತೀರಲ್ಲ" ಎಂದು ನಾನು ನಗಿಸಲು ನೋಡಿದೆ. ಅವರು ನಗಲಿಲ್ಲ. ಸ್ಕ್ರೂಡ್ರೈವರು ಹಿಡಿದಾಗ ಬೆರಳು ಸಣ್ಣಗೆ ನಡುಗುವುದನ್ನು ನಾನೇ ಕಂಡೆ. ಬೆಟ್ಟದ ಮೇಲೆ ಬರಿಗೈಯಲ್ಲಿ ಬೆಲ್ಟು ಏರಿಸುವಾಗಲೂ ಆ ಬೆರಳು ನಡುಗಿದ್ದಿಲ್ಲ. ಒಂದು ಸೋಮವಾರ ಊಟದ ಡಬ್ಬಿ ತೊಳೆದಿಟ್ಟು, "ಉಸ್ತಾದ್, ಇನ್ನು ಸಾಕು. ಯಾರಾದ್ರೂ ಸಾಯೋ ಮುಂಚೆ ನಿಲ್ಲಿಸ್ತೀನಿ" ಎಂದರು. ನಾನು ಎರಡು ದಿನ ರಜಾ ಹಾಕಿ ವಿಶ್ರಾಂತಿ ತೆಗೆದುಕೊಳ್ಳಿ ಎಂದೆ. ಅವರಿಗೆ ಬೇಕಾಗಿದ್ದದ್ದು ರಜವಲ್ಲ, ಒಂದು ಮಾತು. ಅದು ನನ್ನ ಬಾಯಲ್ಲಿತ್ತು.

ಯಾಕೆ ಹೇಳಲಿಲ್ಲ ಎಂದು ನನ್ನನ್ನು ನಾನು ಬಹಳ ಸಲ ಕೇಳಿಕೊಂಡಿದ್ದೇನೆ. ಕೆಲಸ ತಪ್ಪುತ್ತದೆ ಎಂಬ ಭಯವಲ್ಲ. ಮುಂದಿನ ವರ್ಷ ಆ ಟೂರಿನವನ ಕೆಲಸವನ್ನು ನಾನೇ ಬಿಟ್ಟೆ. ಅವರು ಬೈಯುತ್ತಾರೆ ಎಂದೂ ಅಲ್ಲ. ನೀರು ಬಿಡಬೇಡಿ ಎಂದು ಅವರು ಹೇಳಿದ್ದರು, ನಾನು ಬಿಟ್ಟಿದ್ದೆ, ಅವರು ಸರಿ, ನಾನು ತಪ್ಪು. ಇಷ್ಟನ್ನು ನನ್ನ ಬಾಯಿಂದ ಆಡಲು ಆಗಲಿಲ್ಲ. ಆಡಿದ್ದರೆ ಅವರು ನನ್ನನ್ನು ಉಸ್ತಾದ್ ಎನ್ನುವುದನ್ನು ಬಿಡುತ್ತಿರಲಿಲ್ಲ, ಅದು ನನಗೆ ಗೊತ್ತಿತ್ತು. ಆದರೆ ಆ ಕರೆಗೆ ಓಗೊಡುವುದು ನನಗೆ ಕಷ್ಟವಾಗುತ್ತಿತ್ತು.

ಒಂದು ವರ್ಷ ಬಿಟ್ಟು ಆರ್.ಕೆ.ಪುರಂಗೆ ಅವರನ್ನು ನೋಡಲು ಹೋದೆ. ಹೇಳಬೇಕೆಂದೇ ಹೋದೆ. ಕ್ವಾರ್ಟರ್ಸಿನ ಗೇಟಿನಲ್ಲೇ ಸಿಕ್ಕರು. ಕೈಯಲ್ಲಿ ಚೀಲ, ಚೀಲದಲ್ಲಿ ಮಿಕ್ಸಿ. ಮಾರ್ಕೆಟ್ಟಿನಲ್ಲಿ ರಿಪೇರಿಗೆ ಕೊಡಲು ಹೊರಟಿದ್ದರು. ಒಟ್ಟಿಗೆ ಹೋದೆವು. ಅಂಗಡಿಯ ಭಯ್ಯಾ ಅದನ್ನು ಬಿಚ್ಚುವಾಗ ಸ್ಕ್ರೂಗಳನ್ನು ಒಂದು ತಟ್ಟೆಗೆ ಸುರಿದ. ಹವಾಲ್ದಾರ್ರು ಮುಖ ತಿರುಗಿಸಿ ರಸ್ತೆ ನೋಡುತ್ತ ನಿಂತರು.

"ಮೋಟರಿನ ಕಾರ್ಬನ್ ಸವೆದಿದೆ ಅಷ್ಟೇ ಅಲ್ವಾ?" ಎಂದೆ.

"ಹೂಂ, ಶಬ್ದದಲ್ಲೇ ಗೊತ್ತಾಯ್ತು."

"ಮತ್ತೆ ನೀವೇ..."

"ಮಗಳು ಒದ್ದೆ ಕೈಯಲ್ಲಿ ಮುಟ್ತಾಳೆ ಉಸ್ತಾದ್. ನನ್ನ ಕೈ ನಂಬಿ ಏನಾದ್ರೂ ಹೆಚ್ಚುಕಮ್ಮಿ ಆದ್ರೆ?"

ನಾನು ಬಾಯಿ ತೆರೆದೆ. "ಹವಾಲ್ದಾರ್ರೇ, ಆವತ್ತು ಬೆಟ್ಟದ ಮೇಲೆ..." ಎಂದೆ. ಅವರು ನನ್ನ ಭುಜದ ಮೇಲೆ ಕೈಯಿಟ್ಟು, "ಬಿಡಿ ಅದನ್ನ. ಆ ಮಾಲೀಕನ ಮುಂದೆ ನೀವು ನನಗೆ ಒಂದ್ ಮಾತೂ ಅನ್ನಲಿಲ್ಲ. ಅದು ನಂಗೆ ನೆನಪಿದೆ" ಎಂದರು.

ನಾನು ಬಾಯಿ ಮುಚ್ಚಿದೆ. ಅವರು ಚಹಾ ಕುಡಿಸಿ ಮೆಟ್ರೋವರೆಗೂ ಬಂದು ಕಳಿಸಿದರು. ಮತ್ತೆ ನಾನು ಹೋಗಲಿಲ್ಲ. ಇನ್ನೂ ಎರಡು ವರ್ಷ ಬದುಕಿದ್ದರು. ಒಂದು ಬೆಳಿಗ್ಗೆ ವಾಕಿಂಗ್ ಮುಗಿಸಿ ಬಂದು ಕುರ್ಚಿಯಲ್ಲಿ ಕೂತವರು ಏಳಲಿಲ್ಲವಂತೆ. ಹೃದಯ.

ಸಭೆಯ ಮರುದಿನ ಟೂರ್ ಮಾಲೀಕನಿಗೆ ಫೋನು ಮಾಡಿದೆ. ಆ ಕೇಬಲ್ಲಿನ ತಪ್ಪು ನನ್ನದು, ಹವಾಲ್ದಾರರದಲ್ಲ ಎಂದೆ. "ಕೌನ್ ಹವಾಲ್ದಾರ್?" ಎಂದ. ವಿವರಿಸಿದೆ. "ಅಚ್ಛಾ ಅಚ್ಛಾ, ವೋ" ಎಂದ, ನೆನಪಾದಂತೆ ಕಾಣಲಿಲ್ಲ. ಸ್ಕೂಟರುಗಳನ್ನು ಯಾವತ್ತೋ ಮಾರಿದನಂತೆ. ಈಗ ಜನರನ್ನು ಮರಳುಗಾಡಿಗೆ ಕರೆದುಕೊಂಡು ಹೋಗುತ್ತಾನೆ, ಜೀಪು ಇವೆ, ರಿಪೇರಿ ಮಾಡುತ್ತೀಯಾ ಎಂದು ಕೇಳಿದ.

ಆ ಭಾನುವಾರ ಅವರ ಮಗಳ ಮನೆಗೆ ಹೋದೆ. ಅವಳು ಚಹಾ ತಂದಿಟ್ಟಳು. ಕುಡಿಯುವುದಕ್ಕೆ ಮೊದಲೇ ಎಲ್ಲ ಹೇಳಿದೆ. ಪಂಪು, ಶಾಂಪೂ, ಅಂಗೈಯ ಐಸು, ಒಂದೆರಡು ಎಂದದ್ದು, ಮಿಕ್ಸಿ ಅಂಗಡಿ. ಅವಳು ಕಂಟೋನ್ಮೆಂಟುಗಳಲ್ಲಿ ಬೆಳೆದವಳು, ಕನ್ನಡ ಸ್ವಲ್ಪ ತಡೆದು ತಡೆದು ಬರುತ್ತದೆ. ಪೂರ್ತಿ ಕೇಳಿದ ಮೇಲೆ ಕೇಳಿದಳು:

"ಮತ್ಲಬ್... ಪಪ್ಪನ ಕೈ ಸರಿ ಇತ್ತು?"

"ಸರಿ ಇತ್ತಮ್ಮ. ಅವರು ಹಾಕಿದ ಕೇಬಲ್ಲೂ ಸರಿಯಾಗೇ ಇತ್ತು."

"ಇದನ್ನ ಈಗ ಯಾಕೆ ಹೇಳ್ತಿದೀರಿ ಅಣ್ಣ? ನಿಮಗೆ ಹಗುರ ಆಗ್ಲಿ ಅಂತಾನಾ?"

ಹೌದೋ ಅಲ್ಲವೋ ನನಗೆ ತಿಳಿಯಲಿಲ್ಲ. ಅವಳು ಎದ್ದು ಹೋಗಿ ಅಡುಗೆಮನೆಯ ಬಾಗಿಲಲ್ಲಿ ಅತ್ತ ಮುಖ ಮಾಡಿ ನಿಂತಳು. ಅಲ್ಲಿಂದಲೇ ಮಾತಾಡಿದಳು, ಜೋರಾಗಿ ಅಲ್ಲ.

"ನಾನು ಅವರನ್ನ ನ್ಯೂರೋ ಡಾಕ್ಟರ್ ಹತ್ರ ಕರ್ಕೊಂಡು ಹೋಗಿದ್ದೆ. ಸ್ಕ್ಯಾನ್ ಎಲ್ಲಾ ಮಾಡಿ, ಕೈಗೆ ಏನೂ ಆಗಿಲ್ಲ, ಎಲ್ಲ ಠೀಕ್ ಇದೆ ಅಂದ್ರು. ಪಪ್ಪ ನಂಬಲಿಲ್ಲ. ಇವರಿಗೇನ್ ಗೊತ್ತು, ನನ್ನ ಕೈಯಿಂದ ಒಬ್ಬ ಬಿದ್ದಿದಾನೆ ಅಂದ್ರು. ನಾನೂ ಪಪ್ಪನ್ನೇ ನಂಬಿದೆ. ಪಪ್ಪ ಸುಳ್ಳು ಹೇಳಲ್ವಲ್ಲ. ಡಾಕ್ಟರನ್ನೇ ಬದಲಾಯಿಸಿದ್ವಿ. ಮೂರು ಡಾಕ್ಟರ್, ಅಣ್ಣ. ಮೂವರೂ ಅದೇ ಹೇಳಿದ್ರು."

ಆಮೇಲೆ ತಿರುಗಿ ನನ್ನನ್ನು ನೋಡಿದಳು.

"ನೀವು ಹೇಳಿದ್ದಿದ್ರೆ ನಂಬ್ತಿದ್ರು."